ಭೂತಾನ್‌ನಲ್ಲಿ ಏಳು ರಾತ್ರಿ: ಎಷ್ಟು ಕಣಿವೆ ಸಾಕು?

ಭೂತಾನ್ ಪ್ರವಾಸದ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಷ್ಟು ದಿನದೊಳಗೆ ಎಷ್ಟು ಊರು ನೋಡಬಹುದು ಎಂಬ ಲೆಕ್ಕವನ್ನೇ ಕೇಳಿವೆ. ಆದ್ದರಿಂದ ಈ ಬಾರಿಯ ಉತ್ತರಗಳು ಬಹುಮಟ್ಟಿಗೆ ಆ ಲೆಕ್ಕವನ್ನು ತಿದ್ದುವ ಉತ್ತರಗಳಾಗಿವೆ.

ಪ್ರಶ್ನೆ: ನಾವು ನಿವೃತ್ತ ದಂಪತಿ. ಪ್ರವಾಸ ಸಂಸ್ಥೆಯೊಂದು ಆರು ರಾತ್ರಿ, ಏಳು ಹಗಲುಗಳಲ್ಲಿ ಫುಂಟ್‌ಶೋಲಿಂಗ್, ಥಿಂಫು, ಪುನಾಖಾ, ಫೋಬ್ಜಿಖಾ, ಬುಮ್ತಾಂಗ್ ಮತ್ತು ಪಾರೋ ತೋರಿಸುವುದಾಗಿ ಪಟ್ಟಿ ಕೊಟ್ಟಿದೆ. ದೇಶ ಚಿಕ್ಕದಾದ್ದರಿಂದ ಇದು ಸಾಧ್ಯವೆನ್ನುತ್ತಾರೆ. ಒಪ್ಪಿಕೊಳ್ಳಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ದೇಶ ಚಿಕ್ಕದು ಎಂಬ ಮಾತು ನಿಜ. ಭೂತಾನ್‌ನ ವಿಸ್ತೀರ್ಣ ಸುಮಾರು 38,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೆಯ ಒಂದು ಪಾಲು. ಆದರೆ ಆ ನೆಲವನ್ನು ಇಸ್ತ್ರಿ ಮಾಡಿ ಹಾಸಿದರೆ ಎಷ್ಟಾದೀತೆಂದು ಯಾರೂ ಅಳೆದಿಲ್ಲ. ಅಲ್ಲಿನ ನದಿಗಳು ಉತ್ತರದ ಹಿಮದಿಂದ ದಕ್ಷಿಣದ ಬಯಲಿಗೆ ಹರಿಯುತ್ತವೆ. ಪ್ರವಾಸಿಯ ರಸ್ತೆ ಮಾತ್ರ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಹೀಗಾಗಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕಾದಾಗಲೆಲ್ಲ ನಡುವಿನ ಬೆಟ್ಟಸಾಲನ್ನು ಹತ್ತಿ, ಕಣಿವೆದಾರಿಯೊಂದನ್ನು ದಾಟಿ, ಮತ್ತೆ ಇಳಿಯಲೇಬೇಕು. ಥಿಂಫುವಿನಿಂದ ಪುನಾಖಾಕ್ಕೆ ಸುಮಾರು 75 ಕಿಲೋಮೀಟರ್ ಅಷ್ಟೇ. ಆದರೆ 2,300 ಮೀಟರ್ ಎತ್ತರದಿಂದ ಹೊರಟು 3,100 ಮೀಟರ್ ಎತ್ತರದ ಡೋಚುಲಾ ಕಣಿವೆದಾರಿಯನ್ನು ದಾಟಿ 1,200 ಮೀಟರಿಗೆ ಇಳಿಯುವ ಹೊತ್ತಿಗೆ ಮೂರು ಗಂಟೆ ಹತ್ತಿರವಾಗುತ್ತದೆ. ಆಗುಂಬೆ ಘಾಟಿಯನ್ನು ಒಂದೇ ಬೆಳಗಿನಲ್ಲಿ ಹಲವು ಸಲ ಹತ್ತಿಳಿದಂತೆ ಎಂದುಕೊಳ್ಳಿ. ಪುನಾಖಾದಿಂದ ಫೋಬ್ಜಿಖಾಕ್ಕೆ ಇನ್ನೊಂದು ಅರ್ಧ ದಿನ ಬೇಕು. ಅಲ್ಲಿಂದ ಬುಮ್ತಾಂಗ್‌ಗೆ ಹೋಗಲು ಮತ್ತೆರಡು ಕಣಿವೆದಾರಿಗಳನ್ನು ದಾಟುತ್ತ ಇಡೀ ಹಗಲು ಕಳೆಯುತ್ತದೆ, ಮರಳಿ ಬರುವುದಕ್ಕೂ ಅಷ್ಟೇ.

ನಿಮ್ಮ ಪಟ್ಟಿಯನ್ನು ಕುಳಿತು ಕೂಡಿಸಿ ನೋಡಿದೆ. ಏಳು ಹಗಲುಗಳಲ್ಲಿ ಒಂದೂ ಕಾರು ಹತ್ತದೆ ಉಳಿಯುವುದಿಲ್ಲ; ಆರು ರಾತ್ರಿಗಳಲ್ಲಿ ಯಾವ ಊರಿನಲ್ಲೂ ಎರಡನೆಯ ರಾತ್ರಿಯಿಲ್ಲ. ಇದನ್ನು ಒಪ್ಪಿಕೊಳ್ಳಬೇಡಿ. ಫೋಬ್ಜಿಖಾ ಮತ್ತು ಬುಮ್ತಾಂಗ್ ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ. ಬುಮ್ತಾಂಗ್ ಭೂತಾನ್‌ನ ಅತ್ಯಂತ ಪ್ರಾಚೀನ ದೇಗುಲಗಳಿರುವ ಕಣಿವೆ ಎಂಬ ಕಾರಣಕ್ಕಾಗಿಯೇ, ಹನ್ನೆರಡು ದಿನ ಕೈಯಲ್ಲಿದ್ದಾಗ ಹೋಗತಕ್ಕ ಸ್ಥಳ. ಸಾಧ್ಯವಾದರೆ ರಸ್ತೆಯಿಂದ ಹೋಗಿ ವಿಮಾನದಲ್ಲಿ ಮರಳಿ. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನವಿದೆ, ಅಲ್ಲಿಂದ ನಾಲ್ಕೈದು ಗಂಟೆಯಲ್ಲಿ ಗಡಿ ಪಟ್ಟಣವಾದ ಫುಂಟ್‌ಶೋಲಿಂಗ್ ಸೇರಬಹುದು. ಅಲ್ಲಿ ಒಂದು ರಾತ್ರಿ, ಥಿಂಫುವಿನಲ್ಲಿ ಎರಡು, ಪುನಾಖಾದಲ್ಲಿ ಎರಡು, ಪಾರೋದಲ್ಲಿ ಎರಡು. ಒಂದು ರಾತ್ರಿ ಹೆಚ್ಚಾಗುತ್ತದೆ, ಆದರೆ ಮೂರು ಕಣಿವೆಗಳೂ ನಿಮ್ಮವಾಗುತ್ತವೆ.

ಎರಡನೆಯ ದಿನ ಅಲ್ಲಿ ಏನು ಮಾಡಬೇಕು ಎಂದು ನೀವು ಕೇಳಬಹುದು. ಥಿಂಫುವಿನಲ್ಲಿ, ಮೂರನೆಯ ದೊರೆಯ ನೆನಪಿಗಾಗಿ 1974ರಲ್ಲಿ ಕಟ್ಟಿದ ಸ್ಮಾರಕ ಛೋರ್ಟೆನ್ ಎಂಬ ಸ್ತೂಪವಿದೆ. ಊರಿನ ಹಿರಿಯರು ಬೆಳಗಿನಿಂದಲೇ ಅಲ್ಲಿಗೆ ಬಂದು, ಕೈಯಲ್ಲಿ ಮಣಿಚಕ್ರ ತಿರುಗಿಸುತ್ತ, ನಡುನಡುವೆ ಮನೆವಾರ್ತೆ ಮಾತನಾಡುತ್ತ ಸುತ್ತು ಹಾಕುತ್ತಿರುತ್ತಾರೆ. ಪಟ್ಟಿಯ ಪ್ರಕಾರ ಬಂದವರಿಗೆ ಅದು ಹದಿನೈದು ನಿಮಿಷದ ಫೋಟೋ. ನಿಮ್ಮ ವಯಸ್ಸಿನವರೇ ಆದ ಆ ಜನರೊಡನೆ ಹತ್ತು ಸುತ್ತು ನಡೆದು, ದಣಿವಾದಾಗ ಬೆಂಚಿನ ಮೇಲೆ ಕುಳಿತುಕೊಳ್ಳಿ. ನಗುಮುಖದಿಂದ ಯಾರಾದರೂ ಜಾಗ ಮಾಡಿಕೊಡುತ್ತಾರೆ. ಪುನಾಖಾದಲ್ಲಿ ಫೋ ಛು ಮತ್ತು ಮೋ ಛು, ಅಂದರೆ ಗಂಡುನದಿ ಮತ್ತು ಹೆಣ್ಣುನದಿ ಕೂಡುವಲ್ಲಿ, ಭೂತಾನ್ ಅನ್ನು ಒಂದುಗೂಡಿಸಿದ ಶಬ್ದ್ರುಂಗ್ ಙವಾಂಗ್ ನಮ್‌ಗ್ಯಾಲ್ 1637ರಲ್ಲಿ ಕಟ್ಟಿಸಲಾರಂಭಿಸಿದ ಝೋಂಗ್, ಅಂದರೆ ಕೋಟೆಮಠ, ಇದೆ. ಅದನ್ನು ಒಮ್ಮೆ ಒಳಹೊಕ್ಕು ನೋಡಿ, ಮರುದಿನ ಬೆಳಿಗ್ಗೆ ನದಿಯ ಆಚೆ ದಡದಿಂದ ಏನೂ ಮಾಡದೆ ನೋಡಿ. ಎರಡನೆಯ ನೋಟದಲ್ಲಿಯೇ ಎರಡು ನೀರುಗಳ ಬಣ್ಣ ಬೇರೆ ಬೇರೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು.

ಪ್ರಶ್ನೆ: ಭಾರತೀಯರಿಗೂ ತಲೆಗೆ ದಿನಕ್ಕೆ 1,200 ರೂಪಾಯಿ ಶುಲ್ಕವಂತೆ. ನೀವು ನಿಧಾನವಾಗಿ ತಿರುಗಿ ಎನ್ನುತ್ತೀರಿ. ನಿಧಾನವಾದಷ್ಟೂ ಶುಲ್ಕ ಏರುವುದಿಲ್ಲವೇ? ನಾಲ್ವರ ಸಂಸಾರಕ್ಕೆ ಇದು ಸಾಧ್ಯವೇ?
— ಬೆಂಗಳೂರು, ಜಯನಗರದ ಓದುಗರು

ಉತ್ತರ: ಸುಸ್ಥಿರ ಅಭಿವೃದ್ಧಿ ಶುಲ್ಕ ಎಂಬ ಹೆಸರಿನ ಈ ಮೊತ್ತವನ್ನು ರಾತ್ರಿಯ ಲೆಕ್ಕದಲ್ಲಿ ಕಟ್ಟಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಐದು ವರ್ಷದವರೆಗೆ ಏನೂ ಇಲ್ಲ. ನಾಲ್ವರೂ ದೊಡ್ಡವರಾದರೆ ಏಳು ರಾತ್ರಿಗೆ 33,600 ರೂಪಾಯಿ. ಊಟ, ವಸತಿ, ವಾಹನ ಇದರ ಹೊರಗಿನವು. ಸಣ್ಣ ಮೊತ್ತವಲ್ಲ, ನಿಜ.

ಆದರೆ ಶುಲ್ಕ ರಾತ್ರಿಗೇ ಹೊರತು ಊರಿಗಲ್ಲ ಎಂಬುದನ್ನು ಗಮನಿಸಿ. ಏಳು ರಾತ್ರಿಗಳಲ್ಲಿ ಎರಡು ಕಣಿವೆ ನೋಡಿದರೂ ಆರು ಕಣಿವೆ ನೋಡಿದರೂ ಕಟ್ಟುವುದು ಅಷ್ಟನ್ನೇ. ಆರು ನೋಡಲು ಹೊರಟವರು ದಿನದ 1,200 ರೂಪಾಯಿಯ ಬಹುಪಾಲನ್ನು ಕಾರಿನ ಕಿಟಕಿಯೊಳಗೆ ಕುಳಿತು ಖರ್ಚು ಮಾಡುತ್ತಾರೆ, ಮೇಲೆ ವಾಹನದ ಬಾಡಿಗೆಯನ್ನೂ ಹೆಚ್ಚಾಗಿ ತೆರುತ್ತಾರೆ. ಹಣ ಕಡಿಮೆಯಿದ್ದರೆ ಐದೇ ರಾತ್ರಿಗೆ ಹೋಗಿ, ಪಾರೋ ಮತ್ತು ಥಿಂಫು ಎರಡನ್ನೇ ನೋಡಿ ಬನ್ನಿ. ಅದನ್ನು ಅರ್ಧ ಪ್ರವಾಸ ಎಂದುಕೊಳ್ಳಬೇಕಾಗಿಲ್ಲ.

ಈ ಶುಲ್ಕದ ಹಿನ್ನೆಲೆಯನ್ನೂ ಹೇಳಬೇಕು. ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕ ನಡೆದ 1974ರಿಂದ ಆ ದೇಶ ಹೊರಗಿನ ಪ್ರವಾಸಿಗರಿಗೆ ಬಾಗಿಲು ತೆರೆಯಿತು, ಆದರೆ ಕಡಿಮೆ ಜನ ಬಂದು ಹೆಚ್ಚು ಹಣ ಕೊಡಲಿ ಎಂಬ ನೀತಿಯೊಂದಿಗೆ. ಭಾರತೀಯರಿಗೆ ದೀರ್ಘಕಾಲ ಇದರಿಂದ ವಿನಾಯಿತಿಯಿತ್ತು. ಹಾಗಾಗಿ 2020ಕ್ಕೆ ಮೊದಲು ಹೋಗಿಬಂದ ನಿಮ್ಮ ನೆಂಟರು ಶುಲ್ಕದ ಮಾತೇ ಎತ್ತಿರಲಾರರು. 2020ರಲ್ಲಿ ಕಾನೂನು ಬದಲಾಯಿತು. ಅಷ್ಟರಲ್ಲಿ ಕೋವಿಡ್ ಗಡಿಯನ್ನು ಮುಚ್ಚಿತ್ತು. 2022ರ ಸೆಪ್ಟೆಂಬರ್ 23ರಂದು ಗಡಿ ಮತ್ತೆ ತೆರೆದಾಗಿನಿಂದ ನಾವೂ ಕೊಡುತ್ತಿದ್ದೇವೆ. ಬೇರೆ ದೇಶದವರಿಗೆ ಅದು ಮೊದಲು 200 ಡಾಲರ್ ಇದ್ದು 2023ರಲ್ಲಿ 100 ಡಾಲರ್‌ಗೆ ಇಳಿಯಿತು. ಅಲ್ಲಿನ ಸರ್ಕಾರ ಪ್ರಜೆಗಳಿಗೆ ಶಿಕ್ಷಣ ಮತ್ತು ವೈದ್ಯಕೀಯ ಸೇವೆಯನ್ನು ಉಚಿತವಾಗಿ ಕೊಡುತ್ತದೆ. ದೇಶದ ನೆಲದಲ್ಲಿ ಶೇಕಡ 60 ಭಾಗ ಎಂದೆಂದಿಗೂ ಕಾಡಾಗಿ ಉಳಿಯಬೇಕೆಂದು 2008ರ ಸಂವಿಧಾನ ವಿಧಿಸಿದೆ. ಎಂಟು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ದೇಶ ಮರ ಕಡಿಯದೆ ಇವನ್ನೆಲ್ಲ ನಡೆಸಬೇಕೆಂದರೆ ಅತಿಥಿಗಳಿಂದ ಕೇಳುವುದು ನನಗೆ ಅನ್ಯಾಯವೆನಿಸುವುದಿಲ್ಲ.

ಪ್ರಶ್ನೆ: ನನಗೆ 58 ವರ್ಷ, ಮೊಣಕಾಲು ನೋವಿದೆ. ‘ಹುಲಿಯ ಗೂಡು’ ಎನ್ನುವ ಮಠವನ್ನು ಹತ್ತದೆ ಬಂದರೆ ಭೂತಾನ್ ನೋಡಿದಂತೆಯೇ ಅಲ್ಲ ಎಂದು ಮಗಳು ಹೇಳುತ್ತಾಳೆ.
— ಮಂಗಳೂರಿನ ಓದುಗರು

ಉತ್ತರ: ಮಗಳ ಮಾತಿಗೆ ನನ್ನ ಒಪ್ಪಿಗೆಯಿಲ್ಲ, ಆದರೆ ಹತ್ತಬೇಡಿ ಎಂದೂ ಹೇಳಲಾರೆ. ಪಾರೋ ತಕ್ತ್ಸಾಂಗ್ ಮಠ ಸುಮಾರು 3,120 ಮೀಟರ್ ಎತ್ತರದಲ್ಲಿ, ಕಣಿವೆಯ ನೆಲದಿಂದ 900 ಮೀಟರ್ ಮೇಲೆ, ಕಡಿದಾದ ಬಂಡೆಗೆ ಅಂಟಿಕೊಂಡಿದೆ. ಎಂಟನೆಯ ಶತಮಾನದಲ್ಲಿ ಬೌದ್ಧ ಗುರು ಪದ್ಮಸಂಭವರು ಹೆಣ್ಣುಹುಲಿಯೊಂದರ ಬೆನ್ನೇರಿ ಇಲ್ಲಿಗೆ ಬಂದು ಗುಹೆಯಲ್ಲಿ ತಪಸ್ಸು ಮಾಡಿದರೆಂಬುದು ನಂಬಿಕೆ. ಆ ಗುಹೆಯ ಸುತ್ತ ದೇಗುಲವನ್ನು ಕಟ್ಟಿದ್ದು 1692ರಲ್ಲಿ. 1998ರ ಬೆಂಕಿಯಲ್ಲಿ ಅದು ಬಹುಪಾಲು ಸುಟ್ಟುಹೋಯಿತು, ಈಗ ಕಾಣುವುದು 2005ರ ಹೊತ್ತಿಗೆ ಮುಗಿದ ಪುನರ್‌ನಿರ್ಮಾಣ.

ವಾಹನ ನಿಲ್ಲುವ ಜಾಗದಿಂದ ಅರ್ಧ ದಾರಿಯ ಉಪಾಹಾರ ಗೃಹದವರೆಗೆ ಕುದುರೆ ಸಿಗುತ್ತದೆ. ಆದರೆ ಕುದುರೆ ಹತ್ತಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಮೊಣಕಾಲಿನವರಿಗೆ ಕಷ್ಟವಾಗುವುದು ಇಳಿಯುವಾಗಲೇ. ಕೊನೆಯ ಭಾಗದಲ್ಲಿ ಜಲಪಾತದ ಬಳಿಗೆ ನೂರಾರು ಮೆಟ್ಟಿಲು ಇಳಿದು, ಎದುರಿನ ಬಂಡೆಯಲ್ಲಿ ಮತ್ತೆ ಹತ್ತಬೇಕು, ಬರುವಾಗ ಅದನ್ನೇ ತಿರುಗುಮುರುಗು ಮಾಡಬೇಕು. ಆದ್ದರಿಂದ ಉಪಾಹಾರ ಗೃಹವನ್ನೇ ನಿಮ್ಮ ಗುರಿಯಾಗಿಟ್ಟುಕೊಳ್ಳಿ. ಅಲ್ಲಿಂದ ಮಠ ಎದುರಿಗೇ ಕಾಣುತ್ತದೆ. ಒಂದು ಲೋಟ ಚಹಾ ಹಿಡಿದು, ಬಂಡೆಯ ಮೇಲಿನ ಮಂಜು ಸರಿಯುವುದನ್ನು ಒಂದು ಗಂಟೆ ನೋಡಿದವರು, ಏದುಸಿರು ಬಿಡುತ್ತ ಮೇಲೆ ಹೋಗಿ ಹತ್ತು ನಿಮಿಷದಲ್ಲಿ ಹಿಂದಿರುಗಿದವರಿಗಿಂತ ಹೆಚ್ಚನ್ನೇ ಕಂಡಿರುತ್ತಾರೆ. ಮಗಳು ಮೇಲಕ್ಕೆ ಹೋಗಿಬರಲಿ. ಅಲ್ಲಿ ಒಳಹೋಗುವ ಮುನ್ನ ಫೋನು, ಕ್ಯಾಮೆರಾಗಳನ್ನು ಹೊರಗೇ ಇಟ್ಟು ಹೋಗಬೇಕಾದ್ದರಿಂದ ಅವಳು ನಿಮಗೆ ಬಾಯಲ್ಲೇ ವರ್ಣಿಸಬೇಕಾಗುತ್ತದೆ. ಈ ದಿನವನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ದೇಹ ಎತ್ತರಕ್ಕೆ ಒಗ್ಗಿರುತ್ತದೆ.

ಪ್ರಶ್ನೆ: ಬೈಲಕುಪ್ಪೆಯ ಸುವರ್ಣ ದೇವಾಲಯವನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವಳು ನಾನು. ಭೂತಾನ್‌ನ ಮಠಗಳಲ್ಲಿ ನನಗೆ ಹೊಸದೇನಿರುತ್ತದೆ? ಅಲ್ಲಿ ಹೇಗೆ ನಡೆದುಕೊಳ್ಳಬೇಕು?
— ಕುಶಾಲನಗರದ ಓದುಗರು

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದು. ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠದಲ್ಲಿ ಬುದ್ಧ ಮತ್ತು ಅಮಿತಾಯುಷರ ಜೊತೆಗೆ ಕುಳಿತಿರುವ, ತೆಳುಮೀಸೆಯ, ಅರಳಿದ ಕಣ್ಣುಗಳ ಭವ್ಯ ಮೂರ್ತಿಯೇ ಪದ್ಮಸಂಭವ. ಭೂತಾನ್‌ನವರು ಅವರನ್ನು ಗುರು ರಿಂಪೋಛೆ ಎನ್ನುತ್ತಾರೆ ಮತ್ತು ಎರಡನೆಯ ಬುದ್ಧನೆಂದೇ ಭಾವಿಸುತ್ತಾರೆ. ಹೀಗಾಗಿ ಬೇರೆಯವರು ಅಪರಿಚಿತ ದೇವರ ಮುಂದೆ ನಿಲ್ಲುವಲ್ಲಿ ನೀವು ಪರಿಚಿತ ಮುಖದ ಮುಂದೆ ನಿಲ್ಲುತ್ತೀರಿ. ನಮ್‌ಡ್ರೋಲಿಂಗ್ ಟಿಬೆಟಿನ ಬೌದ್ಧಧರ್ಮದ ನ್ಯಿಂಗ್ಮಾ ಪರಂಪರೆಗೆ ಸೇರಿದ್ದು. ಭೂತಾನ್‌ನ ರಾಜ್ಯಮಠದ್ದು ದ್ರುಕ್‌ಪಾ ಕಗ್ಯು ಪರಂಪರೆ, ಆದರೆ ನ್ಯಿಂಗ್ಮಾ ಕೂಡ ಅಲ್ಲಿ ಗಟ್ಟಿಯಾಗಿ ಬೇರೂರಿದೆ. ದೇಶದ ಹೆಸರಾದ ‘ದ್ರುಕ್ ಯುಲ್’ನಲ್ಲಿಯೇ ಆ ದ್ರುಕ್, ಅಂದರೆ ಗುಡುಗಿನ ಡ್ರ್ಯಾಗನ್, ಇದೆ.

ಹೊಸದೆಂದರೆ ಝೋಂಗ್‌ಗಳು. ಬೈಲಕುಪ್ಪೆಯ ಮಠ ಮಠವಷ್ಟೇ. ಝೋಂಗ್ ಕೋಟೆಯೂ ಹೌದು, ಮಠವೂ ಹೌದು, ಜಿಲ್ಲಾ ಕಚೇರಿಯೂ ಹೌದು. ಒಂದು ಅಂಗಳದಲ್ಲಿ ಕಡತ ಹಿಡಿದ ಗುಮಾಸ್ತರು ನಡೆದರೆ ಇನ್ನೊಂದರಲ್ಲಿ ಕೆಂಪು ವಸ್ತ್ರದ ಬಾಲಸನ್ಯಾಸಿಗಳು ಓಡುತ್ತಿರುತ್ತಾರೆ. ಸ್ಥಳೀಯ ಗಂಡಸರು ‘ಘೋ’, ಹೆಂಗಸರು ‘ಕಿರಾ’ ತೊಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡೇ ಅಲ್ಲಿಗೆ ಬರುವುದು ಕಡ್ಡಾಯ. ಅವರೇ ಅಷ್ಟು ಶಿಸ್ತಿನಿಂದ ಬರುವಲ್ಲಿ ನಾವು ತುಂಬುತೋಳಿನ ಅಂಗಿ ಮತ್ತು ಕಾಲು ಮುಚ್ಚುವ ಉಡುಪಿನಲ್ಲಿ ಹೋಗುವುದು ಮರ್ಯಾದೆ. ಟೋಪಿ ಮತ್ತು ಕಪ್ಪು ಕನ್ನಡಕ ತೆಗೆಯಿರಿ. ಗರ್ಭಗುಡಿಯೊಳಗೆ ಚಿತ್ರ ತೆಗೆಯುವಂತಿಲ್ಲ. ಹೊಸ್ತಿಲು ತುಳಿಯಬಾರದೆಂದು ನಿಮಗೆ ಅಜ್ಜಿ ಹೇಳಿಕೊಟ್ಟಿರುತ್ತಾರೆ, ಅದು ಅಲ್ಲಿಯೂ ನಡೆಯುತ್ತದೆ. ಪ್ರದಕ್ಷಿಣೆ ನಮ್ಮಲ್ಲಿನಂತೆಯೇ ಬಲಕ್ಕೆ. ಮಣಿಚಕ್ರವನ್ನೂ ಹಾಗೆಯೇ ತಿರುಗಿಸಬೇಕು. ಪ್ರಾರ್ಥನೆ ನಡೆಯುತ್ತಿದ್ದರೆ ಗೋಡೆಯ ಪಕ್ಕ ನೆಲದ ಮೇಲೆ ಕುಳಿತುಬಿಡಿ, ಪಾದಗಳನ್ನು ಪೀಠದ ಕಡೆಗೆ ಚಾಚದಿದ್ದರೆ ಸಾಕು, ಯಾರೂ ಎಬ್ಬಿಸುವುದಿಲ್ಲ. ಎದ್ದು ಬರುವಾಗ ‘ಕದ್ರಿಂಚೆ ಲಾ’ ಎಂದರೆ ಕೃತಜ್ಞತೆ ಹೇಳಿದಂತಾಯಿತು. ನಮ್ಮ ‘ರೀ’ಯಂತೆ ಮಾತಿನ ತುದಿಯ ಆ ‘ಲಾ’ ಗೌರವಸೂಚಕ, ಬಿಡಬೇಡಿ.

ಪ್ರಶ್ನೆ: ನಾನು 26ರ ಹುಡುಗ, ಕೊಡಚಾದ್ರಿ, ಕುದುರೆಮುಖ ಹತ್ತಿದ ಅನುಭವವಿದೆ. ಟ್ರಾನ್ಸ್ ಭೂತಾನ್ ಟ್ರೇಲ್ ಎಂಬ ದಾರಿಯನ್ನು ಒಬ್ಬನೇ ನಡೆಯಬಹುದೇ? ಹಿಮಶಿಖರ ಹತ್ತಲು ಅವಕಾಶವಿದೆಯೇ?
— ಶಿವಮೊಗ್ಗದ ಓದುಗರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಇಲ್ಲ. ಶಿಖರಗಳು ದೇವತೆಗಳ ನೆಲೆ ಎಂಬ ಜನರ ನಂಬಿಕೆಯನ್ನು ಮನ್ನಿಸಿ 1994ರಿಂದ 6,000 ಮೀಟರಿಗೂ ಎತ್ತರದವನ್ನು, 2003ರಿಂದ ಎಲ್ಲ ಪರ್ವತಾರೋಹಣವನ್ನೂ ಅಲ್ಲಿ ನಿಷೇಧಿಸಲಾಗಿದೆ. 7,570 ಮೀಟರ್ ಎತ್ತರದ ಗಂಗ್‌ಖರ್ ಪ್ಯುನ್‌ಸುಮ್ ಮನುಷ್ಯನ ಕಾಲು ಸೋಕದ ಶಿಖರಗಳಲ್ಲೇ ಜಗತ್ತಿನ ಅತ್ಯುನ್ನತವಾಗಿ ಉಳಿದಿರುವುದಕ್ಕೆ ಇದೇ ಕಾರಣ.

ನಡೆಯುವ ದಾರಿಯ ಕತೆ ಬೇರೆ. ಪಶ್ಚಿಮದ ಹಾ ಕಣಿವೆಯಿಂದ ಪೂರ್ವದ ತ್ರಶಿಗಾಂಗ್‌ವರೆಗಿನ 403 ಕಿಲೋಮೀಟರ್ ಹಾದಿ ಶತಮಾನಗಳ ಕಾಲ ಆ ದೇಶದ ಹೆದ್ದಾರಿಯಾಗಿತ್ತು. ‘ಗಾರ್ಪ್’ ಎಂಬ ಓಟಗಾರರು ಝೋಂಗ್‌ನಿಂದ ಝೋಂಗ್‌ಗೆ ಪತ್ರಗಳನ್ನು ಅದರಲ್ಲಿಯೇ ಒಯ್ಯುತ್ತಿದ್ದರು. 1958ರಲ್ಲಿ ಪ್ರಧಾನಿ ನೆಹರೂ ಮಗಳು ಇಂದಿರಾ ಅವರೊಂದಿಗೆ ಭೂತಾನ್‌ಗೆ ಹೋದಾಗ ಅಲ್ಲಿ ಮೋಟಾರು ರಸ್ತೆಯೇ ಇರಲಿಲ್ಲ. ಸಿಕ್ಕಿಂನ ನಾಥು ಲಾ ದಾಟಿ, ಟಿಬೆಟ್‌ನ ಚುಂಬಿ ಕಣಿವೆಯ ಮೂಲಕ, ಸವಾರಿ ಪ್ರಾಣಿಗಳ ಮೇಲೆ ದಿನಗಟ್ಟಲೆ ಪಯಣಿಸಿ ಪಾರೋ ತಲುಪಿದರು. ಆ ಭೇಟಿಯ ನಂತರ ಭಾರತದ ಗಡಿ ರಸ್ತೆಗಳ ಸಂಸ್ಥೆ 1961ರಲ್ಲಿ ಆರಂಭಿಸಿದ ‘ದಂತಕ್’ ಯೋಜನೆ ಫುಂಟ್‌ಶೋಲಿಂಗ್‌ನಿಂದ ರಸ್ತೆ ಕಡಿಯಿತು. ರಸ್ತೆ ಬಂದಮೇಲೆ ಕಾಲುದಾರಿಯನ್ನು ಕಾಡು ನುಂಗಿತು. ಅದನ್ನು ಮತ್ತೆ ಬಿಡಿಸಿ, ಸೇತುವೆಗಳನ್ನು ಕಟ್ಟಿ, 2022ರಲ್ಲಿ ನಡಿಗೆಯವರಿಗೆ ತೆರೆಯಲಾಗಿದೆ.

ಒಬ್ಬನೇ ನಡೆಯುವಂತಿಲ್ಲ, ಪರವಾನಗಿಯುಳ್ಳ ಮಾರ್ಗದರ್ಶಿ ಕಡ್ಡಾಯ. ಇದು ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ನಿಮಗೆ ಅನಿಸಬಹುದು. ಆದರೆ ಯಾವ ತೊರೆಯ ನೀರು ಯಾವ ದೇವತೆಯದು, ಯಾವ ಮನೆಯಲ್ಲಿ ಮಜ್ಜಿಗೆ ಸಿಗುತ್ತದೆ ಎಂಬುದನ್ನು ಹೇಳುವವರಿಲ್ಲದೆ ಆ ಹಾದಿ ಬರೀ ವ್ಯಾಯಾಮ. ಇಡೀ 403 ಕಿಲೋಮೀಟರ್‌ಗೆ ಸುಮಾರು ಒಂದು ತಿಂಗಳು ಬೇಕು, ಅಷ್ಟು ರಾತ್ರಿಯ ಶುಲ್ಕವೂ ಬೇಕು. ಮೊದಲ ಸಲಕ್ಕೆ ಡೋಚುಲಾದಿಂದ ಪುನಾಖಾದ ಕಡೆಗೆ ಇಳಿಯುವ ಭಾಗವನ್ನು ಒಂದೆರಡು ದಿನ ನಡೆಯಿರಿ. ಏಪ್ರಿಲ್‌ನಲ್ಲಾದರೆ ಮೇಲೆ ರೋಡೋಡೆಂಡ್ರಾನ್ ಹೂಬಿಟ್ಟಿರುತ್ತದೆ, ಕೆಳಗೆ ಬಂದಂತೆ ಪೈನ್ ಕಾಡು, ಕೊನೆಗೆ ಗದ್ದೆಗಳು. ಹೊರಡುವ ಮುನ್ನ ಮೇಲಿರುವ 108 ಛೋರ್ಟೆನ್‌ಗಳ ನಡುವೆ ಸ್ವಲ್ಪ ಹೊತ್ತು ನಿಲ್ಲಿ. ಅವು ಅಲಂಕಾರಕ್ಕೆ ಕಟ್ಟಿದವಲ್ಲ. ಅಸ್ಸಾಮಿನ ಬಂಡುಕೋರರ ಶಿಬಿರಗಳ ವಿರುದ್ಧ 2003ರ ಡಿಸೆಂಬರ್‌ನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಮಡಿದ ಸೈನಿಕರ ನೆನಪಿಗಾಗಿ ರಾಜಮಾತೆಯೊಬ್ಬರು ಕಟ್ಟಿಸಿದವು.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?
— ಉಡುಪಿಯ ಓದುಗರು

ಉತ್ತರ: ಧಾರಾಳವಾಗಿ. ಹಸಿಮೆಣಸಿನಕಾಯಿಯನ್ನು ತರಕಾರಿಯಂತೆ ಚೀಸ್‌ನಲ್ಲಿ ಬೇಯಿಸುವ ‘ಎಮಾ ದತ್ಶಿ’ ಅಲ್ಲಿನ ನಿತ್ಯದ ಪದಾರ್ಥ. ಖಾರ ತಡೆಯದವರು ಆಲೂಗಡ್ಡೆಯ ‘ಕೆವಾ ದತ್ಶಿ’, ಅಣಬೆಯ ‘ಶಾಮು ದತ್ಶಿ’ ಕೇಳಬಹುದು. ಕೆಂಪಕ್ಕಿಯ ಅನ್ನ ಕುಚ್ಚಲಕ್ಕಿ ತಿಂದವರಿಗೆ ಬಹುಬೇಗ ಹಿಡಿಸುತ್ತದೆ. ಸಾರುಗಳಲ್ಲಿ ಮಾಂಸದ ರಸ ಇರಬಹುದಾದ್ದರಿಂದ ಕೇಳಿ ಬಡಿಸಿಕೊಳ್ಳಿ. ‘ಸುಜಾ’ ಎಂಬ ಬೆಣ್ಣೆಯ ಚಹಾಕ್ಕೆ ಉಪ್ಪು ಹಾಕಿರುತ್ತಾರೆ. ಚಹಾ ಎಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ, ಸಾರು ಎಂದುಕೊಂಡು ಕುಡಿದರೆ ಇನ್ನೊಂದು ಬಟ್ಟಲು ಕೇಳುತ್ತೀರಿ.

ಪ್ರಶ್ನೆ: ‘ಸಾವಧಾನದ ಪ್ರವಾಸ’, ‘ಸಂತೋಷದ ದೇಶ’ ಎಂಬ ಜಾಹೀರಾತುಗಳನ್ನು ನಂಬಬಹುದೇ? ನನಗೆ ಧ್ಯಾನ ಮಾಡಲು ಬರುವುದಿಲ್ಲ.
— ಮೈಸೂರಿನ ಓದುಗರು

ಉತ್ತರ: ಧ್ಯಾನ ಬರಬೇಕಿಲ್ಲ. ಒಂದೇ ಊರಿನಲ್ಲಿ ಎರಡು ಬೆಳಗು ಕಳೆಯುವುದು, ಕಾರು ನಿಲ್ಲಿಸಿ ಒಂದು ಮೈಲಿ ನಡೆಯುವುದು, ಮಾರ್ಗದರ್ಶಿಯ ಮನೆಯವರ ಬಗ್ಗೆ ವಿಚಾರಿಸುವುದು, ಇಷ್ಟಾದರೆ ಆಯಿತು. ಜಾಹೀರಾತಿನ ಸಾವಧಾನಕ್ಕೆ ಬಿಸಿನೀರಿನ ಸ್ನಾನ, ಗಂಟೆಯ ನಾದ ಮತ್ತು ದೊಡ್ಡ ಬಿಲ್ಲು ಸೇರಿರುತ್ತದೆ.

ಒಟ್ಟು ರಾಷ್ಟ್ರೀಯ ಸಂತೋಷ ಎಂಬ ಕಲ್ಪನೆಯನ್ನು ನಾಲ್ಕನೆಯ ದೊರೆ 1970ರ ದಶಕದಲ್ಲಿ ಮುಂದಿಟ್ಟರು. ಅದನ್ನು ಅಳೆಯುವ ಒಂಬತ್ತು ವಲಯಗಳಲ್ಲಿ ಆರೋಗ್ಯ, ಶಿಕ್ಷಣಗಳ ಜೊತೆಗೆ ಸಮಯದ ಬಳಕೆಯೂ ಒಂದು. ಮನುಷ್ಯ ದುಡಿಮೆಗೆ ಎಷ್ಟು ಹೊತ್ತು, ನಿದ್ದೆಗೆ ಎಷ್ಟು ಹೊತ್ತು ಕೊಡುತ್ತಾನೆ ಎಂದು ಅಲ್ಲಿ ಕೇಳುತ್ತಾರೆ. ನನಗೆ ಮೆಚ್ಚುಗೆಯಾದ ಅಂಶ ಅದು. ಆದರೆ ಅದು ಸರ್ಕಾರ ತನಗೆ ಇಟ್ಟುಕೊಂಡ ಅಳತೆಗೋಲೇ ಹೊರತು, ಅಲ್ಲಿನವರೆಲ್ಲ ಸುಖಿಗಳೆಂಬ ಪ್ರಮಾಣಪತ್ರವಲ್ಲ. ಓದಿದ ಯುವಕರು ಕೆಲಸ ಹುಡುಕಿಕೊಂಡು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ನಿಮ್ಮ ಮಾರ್ಗದರ್ಶಿಯ ತಮ್ಮನೋ ತಂಗಿಯೋ ಅಲ್ಲಿದ್ದರೆ ಆಶ್ಚರ್ಯಪಡಬೇಡಿ. 1990ರ ದಶಕದ ಆರಂಭದಲ್ಲಿ ದಕ್ಷಿಣದ ನೇಪಾಳಿ ಭಾಷಿಕರಾದ ಲ್ಹೋತ್‌ಶಾಂಪಾ ಜನರಲ್ಲಿ ಸುಮಾರು ಒಂದು ಲಕ್ಷ ಮಂದಿ ದೇಶ ಬಿಡಬೇಕಾಗಿ ಬಂದು, ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. 2007ರ ನಂತರ ಅವರಲ್ಲಿ ಹೆಚ್ಚಿನವರು ಅಮೆರಿಕ ಮೊದಲಾದ ದೇಶಗಳಲ್ಲಿ ನೆಲೆಯೂರಿದ್ದಾರೆ. ಯಾವ ಜಾಹೀರಾತೂ ಇದನ್ನು ಹೇಳುವುದಿಲ್ಲ. ಸಾವಧಾನವಾಗಿ ನೋಡುವುದೆಂದರೆ ಇದನ್ನೂ ತಿಳಿದುಕೊಂಡು ನೋಡುವುದು ಎಂದು ನನ್ನ ಭಾವನೆ.

ಪ್ರಶ್ನೆ: ನವೆಂಬರ್‌ನಲ್ಲಿ ಕೊಕ್ಕರೆಗಳನ್ನು ನೋಡಲೆಂದೇ ಫೋಬ್ಜಿಖಾಕ್ಕೆ ಹೋಗಬೇಕೆಂದಿದ್ದೇವೆ. ಒಂದು ರಾತ್ರಿ ಸಾಕೇ? ಆಧಾರ್ ಕಾರ್ಡ್ ನಡೆಯುತ್ತದೆಯೇ?
— ರಂಗನತಿಟ್ಟು ಬಳಿಯ ಓದುಗರು

ಉತ್ತರ: ಆಧಾರ್ ನಡೆಯುವುದಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಯ್ಯಿರಿ.

ಒಂದು ರಾತ್ರಿ ಸಾಲದು. ಕಪ್ಪು ಕೊರಳಿನ ಆ ಕೊಕ್ಕರೆಗಳು ಅಕ್ಟೋಬರ್ ಕೊನೆಯಿಂದ ಟಿಬೆಟ್ ಪ್ರಸ್ಥಭೂಮಿಯಿಂದ ಇಳಿಯಲಾರಂಭಿಸಿ, ಫೆಬ್ರವರಿ, ಮಾರ್ಚ್‌ವರೆಗೆ ಆ ಜೌಗು ಕಣಿವೆಯಲ್ಲಿ ಇರುತ್ತವೆ. ಪ್ರತಿವರ್ಷ ನವೆಂಬರ್ 11ರಂದು ಗಾಂಗ್‌ಟೇ ಮಠದ ಅಂಗಳದಲ್ಲಿ ಅವುಗಳಿಗಾಗಿ ಉತ್ಸವ ನಡೆಯುತ್ತದೆ. ರಂಗನತಿಟ್ಟಿನಂತೆ ದೋಣಿ ಹತ್ತಿ ಸನಿಹಕ್ಕೆ ಹೋಗುವ ಏರ್ಪಾಡು ಇಲ್ಲಿಲ್ಲ. ದೂರದಿಂದ, ಸದ್ದಿಲ್ಲದೆ ನೋಡಬೇಕು. ಹಕ್ಕಿಗಳಿಗೆ ತಗುಲಬಾರದೆಂದು ಇಲ್ಲಿ ವಿದ್ಯುತ್ ತಂತಿಗಳನ್ನೇ ನೆಲದಡಿ ಹೂತಿದ್ದಾರೆ. ಹಗಲಿನಲ್ಲಿ ಅವು ಕಣಿವೆಯ ತುಂಬ ಚದುರಿ ಮೇಯುತ್ತವೆ, ಗುಂಪಾಗಿ ಕಾಣುವುದು ಇಳಿಹೊತ್ತಿಗೆ ತಂಗುದಾಣಕ್ಕೆ ಮರಳುವಾಗ ಮತ್ತು ನಸುಕಿನಲ್ಲಿ ಏಳುವಾಗ. ಪುನಾಖಾದಿಂದ ಹೊರಟ ದಿನ ಸಂಜೆ ಮಂಜು ಕವಿದರೆ ಒಂದೇ ರಾತ್ರಿಯವರಿಗೆ ಬರೀ ಕೂಗು ಕೇಳುತ್ತದೆ. ಎರಡು ರಾತ್ರಿ ಇಟ್ಟುಕೊಂಡರೆ ನಿಮಗೆ ಎರಡು ಸಂಜೆ, ಎರಡು ನಸುಕು ಸಿಗುತ್ತವೆ. ಕಣಿವೆ 2,900 ಮೀಟರ್ ಆಸುಪಾಸಿನಲ್ಲಿದ್ದು ನವೆಂಬರ್ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿರುತ್ತದೆ. ‘ಬುಖಾರಿ’ ಎಂಬ ಸೌದೆ ಒಲೆ ಇರುವ ಕೋಣೆಯನ್ನೇ ಕೇಳಿ ಪಡೆಯಿರಿ, ಉಣ್ಣೆಯ ಟೋಪಿಯನ್ನು ಮರೆಯದಿರಿ.